ಚಟ್ನಿ ಭರಣಿಯ ತಳದ ರೊಕ್ಕ

ಆ ವರ್ಷ ಗಡಹಿಂಗ್ಲಜದ ಪೇಟೆಯಲ್ಲಿ ಒಣಮೆಣಸಿನಕಾಯಿ ಕಿಲೋಗೆ ಎರಡೂ ಮುಕ್ಕಾಲು ರೂಪಾಯಿ ಇತ್ತು. ಹತ್ತು ಕಿಲೋ ತರಿಸಿದ್ದೆ. ಒಣಕೊಬ್ಬರಿ, ಎಳ್ಳು, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಶೇಂಗಾ ಎಣ್ಣೆ ಎಲ್ಲ ಸೇರಿ ಮೂವತ್ತೈದು. ಕುಟ್ಟಿಸಿದ್ದಕ್ಕೆ ನಾಲ್ಕು. ಒಟ್ಟು ಅರವತ್ತಾರೂವರೆ ರೂಪಾಯಿಗೆ ಐದು ಭರಣಿ ಚಟ್ನಿ ಆಯಿತು; ಭರಣಿಗೆ ಹದಿಮೂರು ರೂಪಾಯಿ ಚಿಲ್ಲರೆ ಬಿತ್ತು. ಆದರೆ ಅದರಲ್ಲಿ ಒಂದು ಭರಣಿಯ ಬೆಲೆ ಮಾತ್ರ ಮುನ್ನೂರಾ ತೊಂಬತ್ಮೂರು. ಯಾಕೆಂದರೆ ಅದರ ತಳದಲ್ಲಿ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಮೇಣಬಟ್ಟೆಯಲ್ಲಿ ಸುತ್ತಿದ ಮುನ್ನೂರಾ ಎಂಬತ್ತು ರೂಪಾಯಿ ಇದ್ದವು.

ಇದು ೧೯೬೪ರ ಮಾತು. ನಾವು ಇಚಲಕರಂಜಿಯಲ್ಲಿದ್ದೆವು. ನಮ್ಮ ಯಜಮಾನರು ಸಾತಪ್ಪ, ಪಕ್ಕದ ಕೊರೋಚಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ನಾಲ್ಕು ಪವರ್‌ಲೂಮ್ ನಡೆಸುತ್ತಿದ್ದರು. ದುಡಿಯುವ ಮನುಷ್ಯ, ಒಂದು ಚಟವಿಲ್ಲ. ಆದರೆ ಕೈಯಲ್ಲಿ ನಾಲ್ಕು ನೋಟು ಸೇರಿದರೆ ಸಾಕು, ನೂಲು ಕೊಂಡು ಬಿಡುತ್ತಿದ್ದರು. ಉಳಿದರೆ ಬ್ಯಾಂಕಿಗೆ. ಮನೆಯಲ್ಲಿ ಸುಮ್ಮನೆ ಕೂತ ಹಣ ಅವರ ಲೆಕ್ಕದಲ್ಲಿ ನಿಂತ ಮಗ್ಗ. ಚೆಕ್ ಪುಸ್ತಕವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಿರುಗುವುದೆಂದರೆ ಅವರಿಗೆ ಎದೆ ಒಂದು ಗೇಣು ಅಗಲವಾಗುತ್ತಿತ್ತು.

ಅದಕ್ಕೂ ನಾಲ್ಕು ವರ್ಷ ಮೊದಲು ನಮ್ಮ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅಂದು ರವಿವಾರ, ಬ್ಯಾಂಕು ಮುಚ್ಚಿತ್ತು. ನಲವತ್ತು ರೂಪಾಯಿಗಾಗಿ ನಾನು ಮೂರು ಮನೆ ತಿರುಗಿದೆ. ಕೊಟ್ಟರು, ಇಲ್ಲವೆನ್ನಲಿಲ್ಲ. ಆದರೆ ಕೊಡುವಾಗ ಮುಖ ನೋಡುವ ಒಂದು ರೀತಿ ಇರುತ್ತದೆ. ಅದನ್ನು ಒಮ್ಮೆ ನೋಡಿದವರು ಮತ್ತೊಮ್ಮೆ ನೋಡಲು ಬಯಸುವುದಿಲ್ಲ. ಅಂದಿನಿಂದ ಮಧ್ಯಾಹ್ನ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು, ಬಂದ ಕೂಲಿಯನ್ನು ಕೂಡಿಡತೊಡಗಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ನೂಲಾಗುತ್ತಿತ್ತು.

ಎಲ್ಲಿಡುವುದು ಎಂಬುದೇ ಪ್ರಶ್ನೆ. ಅಕ್ಕಿ ಡಬ್ಬಿಯಲ್ಲಿಟ್ಟರೆ ದಿನಾ ಕೈ ಹೋಗುತ್ತದೆ. ಸಂತೆಯ ದಿನ ಎರಡು ರೂಪಾಯಿ ಕಡಿಮೆಯಾದಾಗ ತೆಗೆದು, ಮತ್ತೆ ಇಡುವುದು ಮರೆತು ಹೋಗುತ್ತದೆ. ಟ್ರಂಕಿನಲ್ಲಿಟ್ಟರೆ ಮಕ್ಕಳು. ದೇವರ ಜಗಲಿಯ ಕೆಳಗೆ ಇಟ್ಟರೆ ಯಜಮಾನರು ಬೆಳಿಗ್ಗೆ ಲಿಂಗಪೂಜೆಗೆ ಅಲ್ಲೇ ಕೂಡುತ್ತಾರೆ. ಅಡಚಣಿಗೆಂದು ಇಟ್ಟ ರೊಕ್ಕ ತೆಗೆಯುವಾಗ ಕೈ ಉರಿಯಬೇಕು, ಆಗಲೇ ಅದು ಉಳಿಯುತ್ತದೆ ಅನ್ನಿಸಿತು. ಹಾಗಾಗಿ ವರ್ಷಕ್ಕೊಮ್ಮೆ ಚಟ್ನಿ ಕುಟ್ಟಿಸಿದಾಗ ಕೂಡಿದ್ದನ್ನೆಲ್ಲ ಡಬ್ಬಿಗೆ ಹಾಕಿ, ಕೊನೆಗೆ ಒಡೆಯುವ ಭರಣಿಯ ತಳದಲ್ಲಿ ಹುಗಿಯುತ್ತಿದ್ದೆ. ಖಾರದ ಭರಣಿಯಲ್ಲಿ ಮೊಣಕೈತನಕ ಕೈ ಹಾಕುವ ಗಂಡಸು ನಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ.

ನಮ್ಮ ಕಡೆ ಹೊಸ ಚಟ್ನಿಯ ಒಂದು ಭರಣಿ ಮಗಳನ್ನು ಕೊಟ್ಟ ಮನೆಗೆ ಹೋಗಬೇಕು. ಮಗಳು ರತ್ನಮಾಲಾಳನ್ನು ಹಿಂದಿನ ವರ್ಷ ಕೊಲ್ಹಾಪುರದ ಶಾಹೂಪುರಿಯ ಬೆಲ್ಲದ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದೆವು. ಅವಳ ಅತ್ತೆ ಗುರುಸಿದ್ದವ್ವ ಮಾತು ಕಡಿಮೆ, ಕಣ್ಣು ಚುರುಕು. ಯುಗಾದಿಯಾದ ಮೇಲೆ ಬೀಗರಿಗೆಂದು ಒಂದು ಭರಣಿ ಬೇರೆ ಇಟ್ಟು, ನಾನು ಅಣ್ಣನ ಹೊಸ ಮನೆಯ ಒಕ್ಕಲಿಗೆಂದು ಉತ್ತೂರಿಗೆ ಹೋದೆ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಬೀಗರಿಗೆಂದು ಇಟ್ಟ ಭರಣಿ ಅಲ್ಲೇ ಕೂತಿದೆ, ರೊಕ್ಕದ ಭರಣಿ ಇಲ್ಲ.

ಯಜಮಾನರು ನಗುತ್ತಲೇ ಹೇಳಿದರು. "ನೀ ತೆಗದಿಟ್ಟಿದ್ದರ ಬಾಯಿಗೆ ಕೂದಲೆಳಿ ಹಂಗ ಒಡಕು ಬಿಟ್ಟೈತಿ. ಬೀಗರ ಮನಿಗೆ ಒಡಕು ಭರಣಿ ಕಳಸಾಕ ಬರ್ತೈತೇನ? ಚಲೋದು ನೋಡಿ ನಾನ ಎಸ್‌ಟಿ ಬಸ್ಸಿನೊಳಗ ಒಯ್ದು ಮುಟ್ಟಿಸಿ ಬಂದೆ. ಭಾಳ ಭಾರ ಇತ್ತು ನೋಡು, ಒತ್ತಿ ಒತ್ತಿ ತುಂಬಿದ್ದಿ."

ಒಡಕು ನನಗೂ ಗೊತ್ತಿತ್ತು. ಎಣ್ಣೆ ಒಸರಿ ನೋಟು ಕೆಡಬಾರದೆಂದು ಡಬ್ಬಿಯನ್ನು ಗಟ್ಟಿ ಭರಣಿಗೆ ಹಾಕಿ, ದೊಡ್ಡ ಮನೆಯಲ್ಲಿ ಬೇಗ ಖಾಲಿಯಾಗುತ್ತದೆಂದು ಒಡಕಿನದನ್ನು ಬೀಗರಿಗೆ ಇಟ್ಟಿದ್ದೆ. ಬೀಗರ ಮುಂದೆ ಮರ್ಯಾದೆ ಹೋಗಬಾರದೆಂದು ಅವರು ಯೋಚಿಸಿದರು. ರೊಕ್ಕ ಹೋಗಬಾರದೆಂದು ನಾನು ಯೋಚಿಸಿದೆ. ಇಬ್ಬರದೂ ಸರಿಯೇ ಇತ್ತು, ರೊಕ್ಕ ಮಾತ್ರ ಶಾಹೂಪುರಿಗೆ ಹೋಗಿತ್ತು.

ಕೊಟ್ಟ ಭರಣಿಯನ್ನು ಬೀಗರಿಂದ ಮರಳಿ ಕೇಳುವುದೆಂದರೆ ಕೊಟ್ಟ ಮಗಳನ್ನು ಮರಳಿ ಕೇಳಿದಷ್ಟೇ ಕೆಟ್ಟದ್ದು. ದೊಡ್ಡ ಮನೆ, ಹಳೆಯ ಚಟ್ನಿ ಇರುತ್ತದೆ, ಹೊಸದನ್ನು ತಡವಾಗಿ ಒಡೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಮಗಳು ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನದು. ಅವಳು ಬಂದಾಗ ಮೆಲ್ಲಗೆ ವಿಚಾರಿಸಿದರಾಯಿತು ಎಂದುಕೊಂಡೆ.

ಶ್ರಾವಣದಲ್ಲಿ ಬಸುರಿ ಮಗಳ ಕುಬಸಕ್ಕೆ ಹಸಿರು ಸೀರೆ, ಬಳೆ, ಉಡಿಯ ಸಾಮಾನು ತೆಗೆದುಕೊಂಡು ಕೊಲ್ಹಾಪುರಕ್ಕೆ ಹೋದೆ. ಗುರುಸಿದ್ದವ್ವ ಬಾಯಿತುಂಬ ಮಾತನಾಡಿಸಲಿಲ್ಲ. ತಂದದ್ದನ್ನು ಎತ್ತಿ ನೋಡಲಿಲ್ಲ. ಊಟಕ್ಕೆ ಕೂತಾಗ ಎದುರಿಗೆ ನಿಂತು ಬಡಿಸಿದರು. ಬಡಿಸುತ್ತಲೇ, ನನ್ನ ತಾಟನ್ನಷ್ಟೇ ನೋಡುತ್ತ ಒಂದು ಮಾತು ಅಂದರು.

"ಈ ವರ್ಷ ನಿಮ್ಮ ಚಟ್ನಿ ಭಾಳ ತೂಕ ಇತ್ತು, ಕಲ್ಲವ್ವಾರ."

ಸಿಕ್ಕಿದೆ ಎಂದು ಹೇಳಿದರೋ, ಬರೀ ಚಟ್ನಿಯ ಮಾತೋ ತಿಳಿಯಲಿಲ್ಲ. "ಹೌದ್ರಿ, ಈ ಸಲ ಕೊಬ್ಬರಿ ಜಾಸ್ತಿ ಬಿದ್ದೈತಿ" ಎಂದೆ. ಅವರು "ಕೊಬ್ಬರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಒಂಬತ್ತನೇ ತಿಂಗಳಲ್ಲಿ ರತ್ನಮಾಲಾ ಮನೆಗೆ ಬಂದಳು. ರೊಕ್ಕದ ಮಾತೆತ್ತದೆ, ಚಟ್ನಿ ಹೇಗಾಗಿತ್ತು ಎಂದು ಕೇಳಿದೆ. "ಯಾರಿಗೆ ಗೊತ್ತವ್ವ, ಒಂದ ದಿನಾ ಬಾಯಿಗೆ ಬಿದ್ದಿಲ್ಲ. ನಮ್ಮ ಅತ್ತಿ ಆ ಭರಣಿ ಒಯ್ದು ತಮ್ಮ ಕೋಣ್ಯಾಗಿನ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾರ" ಎಂದಳು. ಚಟ್ನಿಗೆ ಕೀಲಿ ಹಾಕುವ ಮನೆ ಎಲ್ಲಾದರೂ ಉಂಟೇ? ರೊಕ್ಕ ಸಿಕ್ಕಿದೆ, ಇಟ್ಟುಕೊಂಡಿದ್ದಾರೆ ಎಂದು ಲೆಕ್ಕ ಹಾಕಿದೆ. ಬೆಲ್ಲದ ವ್ಯಾಪಾರದಲ್ಲಿ ಅಷ್ಟೊಂದು ಗಳಿಸುವವರಿಗೆ ನನ್ನ ಕಂಡಿಕೆಯ ಕೂಲಿ ಯಾಕೆ ಬೇಕಾಯಿತು ಎಂದು ಬೇಜಾರೂ ಆಯಿತು.

ದೀಪಾವಳಿ ಬಂತು. ಯಜಮಾನರು ಆಳುಗಳಿಗೆ ಬೋನಸ್ ಹಂಚಿ, ಹಬ್ಬದ ಮುಂದೆ ನೂಲು ಅಗ್ಗವಾಗಿ ಸಿಕ್ಕಿತೆಂದು ಉಳಿದದ್ದನ್ನೂ ಅದಕ್ಕೆ ಹಾಕಿದ್ದರು. ಮಗಳ ದಿನ ತುಂಬಲು ಇನ್ನೂ ಹತ್ತು ಹನ್ನೆರಡು ದಿನವಿದೆ, ಹಬ್ಬ ಕಳೆಯಲಿ, ಬ್ಯಾಂಕಿನಿಂದ ತೆಗೆದರಾಯಿತು ಎಂದಿದ್ದರು. ಲಕ್ಷ್ಮೀಪೂಜೆಯ ದಿನ ಬೆಳಿಗ್ಗೆ, ಎಣ್ಣೆ ನೀರಾಗಿ ಇನ್ನೂ ತಲೆ ಒಣಗಿಲ್ಲ, ರತ್ನಮಾಲಾಳಿಗೆ ಬೇನೆ ಶುರುವಾಯಿತು. ನಮ್ಮ ಓಣಿಯ ಸೂಲಗಿತ್ತಿ ನಾಗೂಬಾಯಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಯಾವಾಗಲೂ ಹಾಡುತ್ತ ಕೆಲಸ ಮಾಡುವವಳು ಅಂದು ಹಾಡಲಿಲ್ಲ. ಕೈ ತೊಳೆದುಕೊಂಡು ಹೊರಗೆ ಬಂದಳು.

"ಕೂಸು ಅಡ್ಡ ಬಿದ್ದೈತಿ, ವಹಿನಿ. ನಾ ಕೈ ಹಚ್ಚೂದಿಲ್ಲ. ಈಗಿಂದೀಗ ಕೊಲ್ಹಾಪುರಕ್ಕ ಒಯ್ಯಿರಿ."

ಬ್ಯಾಂಕಿಗೆ ಹಬ್ಬದ ರಜೆ, ಯಜಮಾನರ ಜೇಬಿನಲ್ಲಿ ನಲವತ್ತೆರಡು ರೂಪಾಯಿ ಇತ್ತು. ಟ್ಯಾಕ್ಸಿಗೆ ಮೂವತ್ತು. ಓಣಿಯಲ್ಲಿ ಕೇಳುವಂತಿಲ್ಲ. ಲಕ್ಷ್ಮೀಪೂಜೆಯ ದಿನ ಮನೆಯ ಹಣ ಹೊಸ್ತಿಲು ದಾಟಿ ಹೊರಗೆ ಹೋಗಬಾರದು ಎಂಬುದು ನಮ್ಮ ಕಡೆಯ ಎಲ್ಲ ಮನೆಗಳ ಕಟ್ಟಳೆ. ಕೊಟ್ಟರೆ ವರ್ಷವಿಡೀ ಹೋಗುತ್ತಲೇ ಇರುತ್ತದೆಂದು ನಂಬಿಕೆ. ನಾನೂ ಅದನ್ನು ಪಾಲಿಸಿದವಳೇ. ಎರಡು ವರ್ಷದ ಹಿಂದೆ ಇದೇ ದಿನ ಹಾಲಿನವನನ್ನು ಬರಿಗೈಯಲ್ಲಿ ಕಳಿಸಿದ್ದೆ.

ಹಬ್ಬದ ದಿನ ಟ್ಯಾಕ್ಸಿ ಸಿಕ್ಕಿ ಕೊಲ್ಹಾಪುರ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಲ್ಲಿಯ ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಮಗಳನ್ನು ನೋಡಿದವರೇ ಆಪರೇಶನ್ನಿಗೆ ತಯಾರಿ ನಡೆಸಿದರು. ತಮ್ಮ ಫೀಯ ಮಾತೇ ಎತ್ತಲಿಲ್ಲ. ಆದರೆ ಔಷಧಿ, ಸಲೈನು ಹೊರಗಿನ ಅಂಗಡಿಯಿಂದ ಬರಬೇಕು, ರಕ್ತವನ್ನೂ ಕೊಂಡು ತರಬೇಕು, ಒಂದು ತಾಸಿನೊಳಗೆ ಎಂದರು. ನೂರೈವತ್ತು ರೂಪಾಯಿಯ ಹತ್ತಿರ ಬೇಕಿತ್ತು. ಬೇಕಾದ ಔಷಧಿಯೆಲ್ಲ ಇದೆ, ಆದರೆ ಇವತ್ತು ಉದ್ರಿ ಇಲ್ಲ ಎಂದ ಔಷಧಿ ಅಂಗಡಿಯವ. ಅವನದೂ ಅದೇ ಕಟ್ಟಳೆ. ಹಣ ತೆಗೆದುಕೊಳ್ಳಲು ಇಡೀ ಊರು ತಯಾರಿತ್ತು, ಕೊಡಲು ಒಬ್ಬರೂ ಇರಲಿಲ್ಲ.

ಯಜಮಾನರು ಚೆಕ್ ಪುಸ್ತಕ ಹಿಡಿದುಕೊಂಡು, ತಾವು ವರ್ಷವೆಲ್ಲ ನೂಲು ಕೊಳ್ಳುವ ಅಲ್ಲಿಯ ದಲಾಲ ಧನಪಾಲನ ವ್ಯಾಪಾರದ ಪೇಢಿಗೆ ಓಡಿದರು. ನಾನು ಮಗಳ ಹತ್ತಿರ ಇದ್ದೆ. ಅವಳು ನನ್ನ ಕೈ ಹಿಡಿದುಕೊಂಡು, "ಅವ್ವಾ, ನಮ್ಮ ಅತ್ತಿಗೆ ಹೇಳಿ ಕಳಸು" ಎಂದಳು. ಹೇಳಿ ಕಳಿಸಬೇಕಾದದ್ದೇ. ಆದರೆ ಹೇಳುವುದೆಂದರೆ ಕೇಳುವುದು. ಚೊಚ್ಚಲ ಹೆರಿಗೆಯ ಖರ್ಚಿಗೆ ಬೀಗರ ಮುಂದೆ ಕೈಚಾಚಿದ ತವರನ್ನು ಜನ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಮಗಳ ಬೆರಳುಗಳು ತಣ್ಣಗಾಗಿದ್ದವು. ಅದನ್ನು ಮುಟ್ಟಿದ ಮೇಲೆ ಜನ ಆಡಿಕೊಳ್ಳುವುದು ದೊಡ್ಡದೆನಿಸಲಿಲ್ಲ. ಟಾಂಗಾ ಹಿಡಿದು ಶಾಹೂಪುರಿಗೆ ಹೋದೆ.

ಗಂಡಸರೆಲ್ಲ ಅಡತಿ ಅಂಗಡಿಯಲ್ಲಿದ್ದರು. ಅಳಿಯ ಅಣ್ಣಾಸಾಹೇಬ ಮರುದಿನ ಪಾಡ್ಯಕ್ಕೆ ನಡೆಯುವ ಬೆಲ್ಲದ ಸವಾಲಿಗೆ, ಅಂದರೆ ಹರಾಜಿಗೆ, ಗಾಡಿ ಗೊತ್ತು ಮಾಡಲು ಹಳ್ಳಿಯ ಕಡೆ ಹೋಗಿದ್ದ. ಗುರುಸಿದ್ದವ್ವ ನಡುಮನೆಯಲ್ಲಿ ಸಂಜೆಯ ಪೂಜೆಗೆ ಮಣೆ ಇಟ್ಟು, ಬೆಳ್ಳಿಯ ನಾಣ್ಯ ತೊಳೆಯುತ್ತಿದ್ದರು. ನನ್ನ ಮುಖ ನೋಡಿ ಎದ್ದು ನಿಂತರು. ಕೂಸು ಅಡ್ಡ ಬಿದ್ದದ್ದು, ದವಾಖಾನೆ, ಆಪರೇಶನ್, ಎಲ್ಲ ಹೇಳಿದೆ. ಆಮೇಲೆ ಬಾಯಿಗೆ ಬಂದದ್ದು ಇದು:

"ಅಕ್ಕಾರ, ಯುಗಾದಿಗೆ ಕಳಿಸಿದ ಚಟ್ನಿ ಭರಣಿ ನಂಗ ತಿರುಗಿ ಕೊಡ್ರಿ."

ಮಗಳು ದವಾಖಾನೆಯಲ್ಲಿರುವಾಗ ಚಟ್ನಿ ಕೇಳುವವಳನ್ನು ಬೇರೆ ಯಾರಾದರೂ ಹುಚ್ಚಿ ಎನ್ನುತ್ತಿದ್ದರು. ಗುರುಸಿದ್ದವ್ವ ಅನ್ನಲಿಲ್ಲ. ಕೈಯಲ್ಲಿದ್ದ ನಾಣ್ಯವನ್ನು ತಾಟಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಒಂದು ಮಾತ ಕೇಳ್ತೇನಿ, ಖರೇ ಹೇಳ್ರಿ. ನಿಮ್ಮ ಮಗಳಿಗೆ ನಮ್ಮ ಮನ್ಯಾಗ ಏನ ಕಡಿಮಿ ಮಾಡೇವಿ? ಉಣ್ಣಾಕೋ, ಉಡಾಕೋ? ಚಟ್ನ್ಯಾಗ ರೊಕ್ಕ ಹುಗದು ಅಕೀಗೆ ಕಳಸೂವಂಥಾದ್ದು ಏನಾಗಿತ್ತು?"

ಆಗ ನನಗೆ ತಿಳಿಯಿತು. ಭರಣಿ ಬಂದ ವಾರವೇ ಅವರ ಕೈಗೆ ಡಬ್ಬಿ ತಾಗಿತ್ತು. ತವರಿನವರು ಸೊಸೆಗೆ ಕದ್ದು ರೊಕ್ಕ ಕಳಿಸಿದ್ದಾರೆ, ಅಂದರೆ ಅತ್ತೆಯ ಮನೆಯಲ್ಲಿ ಕೈಗೆ ನಾಲ್ಕು ಕಾಸು ಸಿಗುವುದಿಲ್ಲವೆಂದು ಈ ಹುಡುಗಿ ತವರಿನಲ್ಲಿ ಅತ್ತಿರಬೇಕು ಎಂದು ಅವರು ತಿಳಿದುಕೊಂಡಿದ್ದರು. ಸೊಸೆಯನ್ನು ಕೇಳಲಿಲ್ಲ, ಕೇಳಿದರೆ ಜಗಳ. ಗಂಡಸರಿಗೆ ಹೇಳಲಿಲ್ಲ, ಹೇಳಿದರೆ ಇನ್ನೂ ದೊಡ್ಡ ಜಗಳ. ಡಬ್ಬಿಯನ್ನು ಮರಳಿ ಹುಗಿದು ಕೀಲಿ ಹಾಕಿ, ಆರು ತಿಂಗಳು ಆ ನೋವನ್ನು ಒಬ್ಬರೇ ಇಟ್ಟುಕೊಂಡಿದ್ದರು. ನಾನು ಅವರನ್ನು ಕಳ್ಳಿ ಎಂದುಕೊಂಡಿದ್ದೆ, ಅವರು ನನ್ನ ಮಗಳನ್ನು ಚಾಡಿಕೋರಳೆಂದು.

"ಅದು ಅಕೀಗಲ್ರಿ ಅಕ್ಕಾರ" ಎಂದೆ. "ಅದು ನಂದು. ಅಡಚಣಿಗೆ ಇರ್ಲಿ ಅಂತ ಹುಗದಿಟ್ಟಿದ್ದು. ನಮ್ಮ ಮನ್ಯಾವರಿಗೆ ಗೊತ್ತಿಲ್ಲ, ಭರಣಿ ಅದಲಬದಲ ಮಾಡಿ ತಂದು ಕೊಟ್ಟಾರ."

"ಸಾತಪ್ಪನವರಿಗೆ ಗೊತ್ತಿಲ್ಲ?"

"ಇಲ್ರಿ."

"ಮಗಳಿಗೆ?"

"ಅಕೀಗೂ ಇಲ್ಲ."

ಅವರ ಮುಖದ ಬಿಗಿ ಸಡಿಲವಾದದ್ದು ನನಗೆ ಎದ್ದು ಕಂಡಿತು. ಒಳಗೆ ಹೋಗಿ ಭರಣಿ ತಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಮೊಣಕೈತನಕ ಕೈ ಹಾಕಿ ಡಬ್ಬಿ ಎತ್ತಿದರು. ಕೆಂಪು ಎಣ್ಣೆ ತೊಟ್ಟಿಕ್ಕಿತು. ಅಷ್ಟು ಹೊತ್ತಿಗೆ ನನಗೆ ಇನ್ನೊಂದು ಅಂಜಿಕೆ ಶುರುವಾಗಿತ್ತು.

"ಇವತ್ತ ಲಕ್ಷ್ಮೀಪೂಜಿ ಐತ್ರಿ. ನಿಮ್ಮ ಹೊಸ್ತಲಾ ದಾಟಿ ರೊಕ್ಕ ಹೊರಗ..."

"ಏನ ರೊಕ್ಕ? ಚಟ್ನಿ ಕೊಟ್ಟಿದ್ರಿ, ಚಟ್ನಿ ತಿರುಗಿ ಒಯ್ಯಾಕತ್ತೀರಿ" ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಒಳಗೆ ಹೋಗಿ, ಹಳೆಯ ಬೆಲ್ಲದ ಪೆಂಟೆಗಳನ್ನು ಒಟ್ಟಿದ ಮೂಲೆಯಲ್ಲಿ ಏನೋ ಸರಿಸಿದ ಸದ್ದಾಯಿತು. ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಬಂದರು. "ಇದು ನಂದು. ನಮ್ಮ ಮನ್ಯಾಗೂ ಯಾರಿಗೂ ಗೊತ್ತಿಲ್ಲ. ಎಂದೂ ಪೂಜಿಗೆ ಇಟ್ಟ ರೊಕ್ಕಲ್ಲ ಇದು, ಲಕ್ಷ್ಮಿ ಲೆಕ್ಕದಾಗ ಇದು ಇಲ್ಲ. ಸಾಲದಿದ್ರ ಇರ್ಲಿ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಿರಿಯ ಸೊಸೆಗೆ ಪೂಜೆ ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿ ನನಗಿಂತ ಮೊದಲು ಟಾಂಗಾ ಹತ್ತಿದರು. ಹೊಸ ಸೀರೆ ಉಟ್ಟವರ ತೋಳಿಗೆ ಮೊಣಕೈತನಕ ಕೆಂಪು ಮೆತ್ತಿತ್ತು. ದಾರಿಯುದ್ದಕ್ಕೂ ಟಾಂಗಾದವನು ತಿರುಗಿ ತಿರುಗಿ ನೋಡಿದ.

ಮೇಣಬಟ್ಟೆ ಸುತ್ತಿದ್ದರೂ ನೋಟುಗಳಿಗೆ ಎಣ್ಣೆ ಇಳಿದಿತ್ತು. ಔಷಧಿ ಅಂಗಡಿಯವನು ಎಣಿಸಲೆಂದು ಬೆರಳಿಗೆ ಎಂಜಲು ಹಚ್ಚಿಕೊಂಡ. ಎರಡನೇ ನೋಟಿಗೆ ಮತ್ತೆ ಬೆರಳು ನಾಲಿಗೆಗೆ ಹೋಯಿತು. ಕಣ್ಣಲ್ಲಿ ನೀರು, ಸಾಲಾಗಿ ಸೀನು. "ಕಾಯ ಬಾಯಿ, ಹೇ ಪೈಸೇ ಕೀ ಮಿರಚಿ?" ಎಂದು ಕೇಳಿದ. ದುಡ್ಡೋ ಮೆಣಸಿನಕಾಯಿಯೋ ಎಂದು. ಗುರುಸಿದ್ದವ್ವ ಅವನಿಗೆ ಕನ್ನಡದಲ್ಲೇ ಉತ್ತರ ಕೊಟ್ಟರು: "ನೀ ಲಗೂನ ಔಷಧ ಕೊಡೋ, ಸೀನೂದು ಆಮ್ಯಾಲ ಸೀನು." ಅವನಿಗೆ ಭಾಷೆ ಬಾರದಿದ್ದರೂ ದನಿ ಅರ್ಥವಾಯಿತು. ಔಷಧಿ ಬಂತು, ರಕ್ತದ ಬಾಟಲಿಯೂ ಬಂತು. ಡಾಕ್ಟರ್ ಬಾಯಿ ಹೇಳಿದ ತಾಸು ಮುಗಿಯುವ ಮುಂಚೆಯೇ ಆಪರೇಶನ್ ಕೋಣೆಯ ಬಾಗಿಲು ಮುಚ್ಚಿತು.

ಯಜಮಾನರು ಬರಿಗೈಯಲ್ಲಿ ಬಂದರು. ಧನಪಾಲ ಬಹಳ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟು, ಪೂಜೆಯಾದ ಮೇಲೆ ನಾಳೆ ಎಷ್ಟು ಬೇಕಾದರೂ ಒಯ್ಯಿರಿ ಎಂದಿದ್ದನಂತೆ. ಚೆಕ್ ಪುಸ್ತಕ ಇನ್ನೂ ಅವರ ಕೈಯಲ್ಲೇ ಇತ್ತು. ಔಷಧಿ ಬಂದಿದೆ, ಒಳಗೆ ಕೆಲಸ ನಡೆದಿದೆ ಎಂದು ಹೇಳಿದೆ. ರೊಕ್ಕ ಎಲ್ಲಿಂದ ಬಂತು ಎಂದು ಕೇಳಿದರು. ಡಬ್ಬಿ ತೋರಿಸಿದೆ. ಒಂದು ನೋಟು ತೆಗೆದು ಮೂಗಿನ ಹತ್ತಿರ ಒಯ್ದು ಜೋರಾಗಿ ಸೀನಿದರು. ಆಮೇಲೆ ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ಮೂವರೂ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆವು. ಗುರುಸಿದ್ದವ್ವ ನನ್ನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು, ಅವರ ಖಾರ ನನ್ನ ಅಂಗೈಗೂ ಹತ್ತಿ ಉರಿಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

ಬೀದಿಯಲ್ಲಿ ಮೊದಲ ಹಣತೆಗಳನ್ನು ಇಡುವ ಹೊತ್ತಿಗೆ ಕೂಸು ಅತ್ತದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನರ್ಸು ಬಂದು, ಹೆಣ್ಣು, ತಾಯಿಯೂ ಆರಾಮ ಎಂದಳು. ಯಜಮಾನರು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಹಳ್ಳಿಯಿಂದ ಬಂದ ಅಳಿಯ ಓಡೋಡುತ್ತ ಮೆಟ್ಟಿಲು ಹತ್ತಿದ. ಲಕ್ಷ್ಮೀಪೂಜೆಯ ದಿನ ಹುಟ್ಟಿದವಳು, ಲಕ್ಷ್ಮಿ ಎಂದೇ ಹೆಸರಿಡಿ ಎಂದಳು ನರ್ಸು.

"ಲಕ್ಷ್ಮಿ ಯಾಕ, ಖಾರವ್ವ ಅಂತ ಇಡೂಣು" ಎಂದರು ಗುರುಸಿದ್ದವ್ವ. ನನಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ, ನಗುತ್ತ ನಗುತ್ತ ಅತ್ತುಬಿಟ್ಟೆ. ಖಾರದ ಕೈಯಿಂದ ಕಣ್ಣೊರೆಸಿಕೊಂಡು ಇನ್ನೊಂದಿಷ್ಟು ಅತ್ತೆ.

ಯಜಮಾನರು ಆ ದಿನ ರೊಕ್ಕದ ಬಗ್ಗೆ ಮತ್ತೆ ಕೇಳಲಿಲ್ಲ. ಮರುದಿನ ಪಾಡ್ಯ. ದವಾಖಾನೆಯ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವರು, ಸಹಜವಾಗಿ ಕೇಳುವವರ ಹಾಗೆ, "ಮನ್ಯಾಗ ಉಳದ ಭರಣ್ಯಾಗೂ ಐತೇನ?" ಎಂದರು. ಇಲ್ಲ ಎಂದೆ. ಆ ವರ್ಷದ ಮಟ್ಟಿಗೆ ಅದು ನಿಜವೇ ಆಗಿತ್ತು. ಆದರೆ ಮುಂದಿನ ತಿಂಗಳಿನಿಂದ ಅವರೇ ಪ್ರತಿ ವಾರದ ಲೆಕ್ಕ ಮುಗಿಸಿ ಐದು ರೂಪಾಯಿ ನನ್ನ ಕೈಗಿಟ್ಟು, ಎಲ್ಲಿಡುತ್ತೀ ಎಂದು ಕೇಳದೆ ಹೋಗತೊಡಗಿದರು. ನಾನೂ ಒಂದು ಬುದ್ಧಿ ಕಲಿತೆ. ಈಗ ನನ್ನ ರೊಕ್ಕ ಎಲ್ಲಿದೆ ಎಂಬುದು ನನ್ನ ಹೊರತು ಇನ್ನೊಬ್ಬರಿಗೆ ಗೊತ್ತಿದೆ. ಅವರು ಶಾಹೂಪುರಿಯಲ್ಲಿದ್ದಾರೆ, ಅವರ ಗಂಟು ಎಲ್ಲಿದೆ ಎಂಬುದು ನನಗೆ ಗೊತ್ತಿದೆ.

ಔಷಧಿ ಮತ್ತು ರಕ್ತಕ್ಕೆ ನೂರಾ ನಲವತ್ತು ಹೋಯಿತು. ಡಾಕ್ಟರ್ ಬಾಯಿಯ ಫೀ ಮತ್ತು ಹತ್ತು ದಿನದ ಕೋಣೆಗೆ ನೂರಾ ತೊಂಬತ್ತೈದು. ಡಬ್ಬಿಯಲ್ಲಿ ಉಳಿದದ್ದು ನಲವತ್ತೈದು ರೂಪಾಯಿ. ಗುರುಸಿದ್ದವ್ವನ ಗಂಟು ಬಿಚ್ಚುವ ಪ್ರಸಂಗ ಬರಲಿಲ್ಲ. ಕಳೆದುಕೊಂಡದ್ದು ನಾಲ್ಕು ವರ್ಷದ ಕಂಡಿಕೆಯ ಕೂಲಿ, ಒಂದು ಅಡಗಿಸುವ ಜಾಗ. ಉಳಿದದ್ದು ಮಗಳು. ಬಂದದ್ದು ಮೊಮ್ಮಗಳು, ಮತ್ತು ಬಾಯಿತುಂಬ ಮಾತನಾಡಿಸುವ ಒಬ್ಬ ಬೀಗತಿ.